ಹಾಲಿನ ಮೇಲೆ ಬಿದ್ದ ಹಸಿರು

ಹಾಲು ಹಸಿರಾಗಲಿಲ್ಲ ಎಂಬ ಒಂದೇ ಕಾರಣಕ್ಕೆ ಊರೆಲ್ಲ ಸೇರಿ ಒಬ್ಬ ಮನುಷ್ಯನನ್ನು ಕಳ್ಳನನ್ನಾಗಿ ಮಾಡಿತ್ತು. ಆ ಮನುಷ್ಯ ಒಂದು ಮಧ್ಯಾಹ್ನ ನನ್ನ ಬಾಗಿಲಲ್ಲಿ ನಿಂತು, ಒಳಗೆ ಬರಲೋ ಬೇಡವೋ ಎಂದು ಒಂದು ರಬ್ಬರ್ ಚಪ್ಪಲಿ ಕಳಚಿ, ಇನ್ನೊಂದನ್ನು ಮೆಟ್ಟಿಕೊಂಡೇ ಕಾಯುತ್ತಿದ್ದದ್ದು ಇಷ್ಟು ವರ್ಷಗಳ ಮೇಲೂ ನನ್ನ ಕಣ್ಣಿಂದ ಹೋಗಿಲ್ಲ.

ಜಮಖಂಡಿಯ ಪತ್ತಾರರ ಓಣಿಯಲ್ಲಿ ಆಗ ನನ್ನದೊಂದು ಸಣ್ಣ ಕೋಣೆ ಇತ್ತು. ಕಾಲೇಜಿನಲ್ಲಿ ಜಿಯಾಲಜಿ ಕಲಿಸಿ ರಿಟೈರ್ ಆದ ಮೇಲೆ ಅಲ್ಲಿ ಕುಳಿತು ಹರಳು ನೋಡಿ ಹೇಳುವ ಕೆಲಸ ಮಾಡುತ್ತಿದ್ದೆ. ಪಕ್ಕದ ಅಂಗಡಿಯ ಮುದುಕ ಪತ್ತಾರರು ಬಂಗಾರ ನೋಡುವವರು, ನಾನು ಕಲ್ಲು ನೋಡುವವಳು. ಅವರೇ ಈ ಮನುಷ್ಯನನ್ನು ನನ್ನ ಹತ್ತಿರ ಕಳಿಸಿದ್ದರು.

ಬಂದವರು ಬೀಳಗಿ ಕಡೆಯ ಒಂದು ಬಸದಿಯ ಉಪಾಧ್ಯೆ. ಜೈನರಲ್ಲಿ ಪೂಜೆಯ ಮನೆತನದವರನ್ನು ನಮ್ಮ ಕಡೆ ಹಾಗೆ ಕರೆಯುತ್ತಾರೆ. ಅವರ ಊರು ಕೃಷ್ಣೆಯ ದಂಡೆಯಲ್ಲಿತ್ತು. ಆಲಮಟ್ಟಿಯ ಹಿನ್ನೀರು ಏರಿ ಅದು ಮುಳುಗಿ ಮೂರು ವರ್ಷವಾಗಿತ್ತು. ಮಂದಿಯೆಲ್ಲ ದಿನ್ನೆಯ ಮೇಲಿನ ಪುನರ್ವಸತಿ ಕೇಂದ್ರಕ್ಕೆ ಬಂದಿದ್ದರು. ಅದಕ್ಕೆ ಎಲ್ಲರೂ ‘ಆರ್‌ಸಿ’ ಎನ್ನುತ್ತಾರೆ. ಅವರ ಜೊತೆ ದೇವರೂ ಬಂದಿದ್ದ. ಅಂಗೈ ಮೇಲೆ ಕೂರುವಷ್ಟು ಪುಟ್ಟ ಪಾರ್ಶ್ವನಾಥ, ತಲೆಯ ಮೇಲೆ ಏಳು ಹೆಡೆಯ ಹಾವು, ಹೆಡೆಯಿಂದ ಪೀಠದವರೆಗೆ ಒಂದೇ ಹಸಿರು ಕಲ್ಲು.

ಪ್ರತಿ ಚಳಿಗಾಲ ಪಾರ್ಶ್ವನಾಥರ ಜನ್ಮಕಲ್ಯಾಣದ ದಿನ ನಡು ಮಧ್ಯಾಹ್ನಕ್ಕೆ ಈ ಮೂರ್ತಿಗೆ ಹಾಲಿನ ಅಭಿಷೇಕ. ಕೆಳಗಿನ ಬೆಳ್ಳಿಯ ಹರಿವಾಣದಲ್ಲಿ ನಿಂತ ಹಾಲು ಹಸಿರಾಗಿ ಕಾಣುತ್ತಿತ್ತು. ಸ್ವಾಮಿ ಪಚ್ಚೆಯವನು, ಅದಕ್ಕೇ ಹಾಲು ಹಸಿರು ಎಂದು ಇಡೀ ಸೀಮೆ ನಂಬಿತ್ತು. ಹೊಸ ಬಸದಿಗೆ ಬಂದ ಮೇಲೆ ಮೂರು ವರ್ಷವೂ ಹಾಲು ಬಿಳಿಯಾಗಿಯೇ ಉಳಿಯಿತು. ಮೊದಲ ವರ್ಷ ನಮ್ಮದೇ ಏನೋ ಅಪಚಾರ ಎಂದುಕೊಂಡರು, ಎರಡನೇ ವರ್ಷ ಪಿಸುಮಾತು ಶುರುವಾಯಿತು. ಮೂರನೇ ವರ್ಷ ಕಮಿಟಿಯವರು ದೊಡ್ಡ ಊರಿಂದ ಹರಳಿಗೆ ಬೆಲೆ ಕಟ್ಟುವ ಒಬ್ಬ ವ್ಯಾಲ್ಯುಯರನ್ನು ಕರೆಸಿದರು. ತನಗೆ ಕೊಟ್ಟ ಚಹಾ ಆರುವುದರೊಳಗೆ ಆತ ನೋಡಿ ಮುಗಿಸಿ, ಇದು ಪಚ್ಚೆಯಲ್ಲ ಎಂದು ಎದ್ದುಹೋದ. ಊರು ಎತ್ತಿ ಬರುವಾಗ ಹೊಸ ಬಸದಿಯ ಸ್ಲ್ಯಾಬ್ ಇನ್ನೂ ಹಸಿಯಿದ್ದುದರಿಂದ ಮೂರ್ತಿ ಹನ್ನೊಂದು ದಿನ ಉಪಾಧ್ಯೆಯ ಮನೆಯಲ್ಲಿತ್ತು. ಅಸಲು ಮೂರ್ತಿ ಮಾರಿ ಬೇರೆಯದನ್ನು ಇಟ್ಟಿದ್ದಾನೆ ಎನ್ನಲು ಊರಿಗೆ ಅಷ್ಟು ಸಾಕಾಯಿತು.

“ಈ ಸಲದ ಜನ್ಮಕಲ್ಯಾಣಕ್ಕ ಬ್ಯಾರೆ ಪಂಡಿತರು ಬರಾಕತ್ತಾರ್ರೀ ಬಾಯಾರ. ಅವತ್ತ ನನ್ನ ಕೈಯಾನ ಕೀಲಿ ಇಸಕೊಂತಾರ. ನಮ್ಮ ಮುತ್ಯಾನ ಮುತ್ಯಾ ಹಿಡಿದ ಕೀಲಿ ಅದು. ಕೀಲಿ ಹೋದ್ರ ಹೋಗಲಿ. ದೇವರನ್ನ ಮಾರ್ಕೊಂಡಾಂವ ಅಂತ ಕರೀತಾರಲ್ಲ, ಅದನ್ನ ಯಾವ ನೀರಿಲೆ ತೊಳಕೊಳ್ಳಲಿ?”

ಹದಿನೆಂಟು ದಿನ ಉಳಿದಿದ್ದವು.

ನಾನು ಹೂಂ ಅಂದದ್ದಕ್ಕೆ ಕರುಣೆಯೊಂದೇ ಕಾರಣವಲ್ಲ. ಆ ವ್ಯಾಲ್ಯುಯರ್ ತೂಗಿರಲಿಲ್ಲ, ಹರಳು ನೋಡುವ ಭೂತಗನ್ನಡಿ ಲೂಪ್ ಹಿಡಿದಿರಲಿಲ್ಲ, ಒಂದು ಚೀಟಿ ಬರೆದುಕೊಟ್ಟಿರಲಿಲ್ಲ. ಬರೀ ಟಾರ್ಚ್ ಹಾಕಿ ನೋಡಿ ಒಬ್ಬ ಮನುಷ್ಯನ ಹೆಸರು ಕೆಡಿಸಿ ಹೋಗಿದ್ದ. ಬೆಳಗಾವಿಯ ಕಾನ್ವೆಂಟಿನಲ್ಲಿ ನಮಗೆ ಸೈನ್ಸ್ ಕಲಿಸಿದ ಸಿಸ್ಟರ್ ಒಬ್ಬರು, ನೋಡದೆ ಮಾತಾಡಿದವರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಐ ವಾಸ್ ಫ್ಯೂರಿಯಸ್. ಅರವತ್ತು ದಾಟಿದ ಮೇಲೂ ಅಂಥ ಸಿಟ್ಟು ಬರುತ್ತದೆಂದು ನನಗೆ ಗೊತ್ತಿರಲಿಲ್ಲ.

ಮರುದಿನವೇ ಬೀಳಗಿ ಬಸ್ ಹಿಡಿದು, ಅಲ್ಲಿಂದ ಟಂಟಂ ಆಟೋದಲ್ಲಿ ಆರ್‌ಸಿಗೆ ಹೋದೆ. ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿದ್ದರಿಂದ ಒಂದು ತಾಸಿನ ದಾರಿಗೆ ಮೂರು ತಾಸು ಹಿಡಿಯಿತು. ದಿನ್ನೆ ಏರುವಾಗ ಬಲಕ್ಕೆ ಹಿನ್ನೀರು ಕಂಡಿತು. ಆ ನೀರಿನಡಿಯ ದಂಡೆಗೆ ವರ್ಷವರ್ಷವೂ ಹುಡುಗರನ್ನು ಫೀಲ್ಡ್ ಟ್ರಿಪ್ಪಿಗೆ ಕರೆತಂದು, ಎರೆಮಣ್ಣಿನಲ್ಲಿ ಅಗೇಟು ಹರಳು ಆರಿಸಲು ಹಚ್ಚುತ್ತಿದ್ದೆ. ಈಗ ನನ್ನ ಅಗೇಟುಗಳೂ ಕೆಳಗೆ ಮಲಗಿವೆ. 

ಬಸದಿಯ ಬಾಗಿಲಲ್ಲೇ ನನಗೆ ಮೊದಲ ಸೋಲು. ಲೂಪಿನ ಚೀಲ ಚರ್ಮದ್ದು, ಅದು ಹೊರಗೆ ಉಳಿಯಿತು. ಕಲ್ಲನ್ನು ನೀರಿನಲ್ಲಿ ತೂಗಿಬಿಟ್ಟು ತೂಕ ಹಿಡಿಯಲೆಂದು ನಾನು ಯಾವಾಗಲೂ ಬಳಸುವ ನೈಲಾನ್ ಎಳೆ ಬ್ಯಾಗಿನಲ್ಲಿತ್ತು. ಅದನ್ನು ಎತ್ತಿ ನೋಡಿದವರು ಕಮಿಟಿಯ ಅಧ್ಯಕ್ಷರು. ಬನಹಟ್ಟಿಯಲ್ಲಿ ನೂಲಿನ ಅಂಗಡಿ ಇಟ್ಟು ಮಗ್ಗದವರಿಗೆ ನೂಲು ಮಾರುವವರು, ಬಿಳಿ ಟೋಪಿ, ನೆಟ್ಟಗಿನ ಬೆನ್ನು. ಉಪಾಧ್ಯೆಯ ಮೇಲೆ ಮೊದಲು ಬೆರಳು ತೋರಿಸಿದವರೂ ಇವರೇ.

“ಇದು ಮೀನಿನ ಗಾಳದ ದಾರ ಅಲ್ರೀ ಬಾಯಾರ? ಬಸ್ತ್ಯಾಗ ಗಾಳ ತಗೊಂಡ ಬಂದ ಮೊದಲನೇದವರು ನೀವ ಇರಬೇಕ ನೋಡ್ರಿ.”

ಎಲ್ಲರೂ ನಕ್ಕರು, ನಾನೂ ನಕ್ಕೆ. ಎಳೆಯನ್ನು ಇಸಕೊಂಡು ಬ್ಯಾಗಿನ ತಳಕ್ಕೆ ನೂಕಿದೆ. ಅಹಿಂಸೆಯ ಮನೆಗೆ ಬರುವಾಗ ಏನು ತರಬಾರದೆಂದು ಯೋಚಿಸಬೇಕಿತ್ತು.

ಉಳಿದ ಕಟ್ಟಳೆಗಳನ್ನು ಅಧ್ಯಕ್ಷರೇ ಹೇಳಿದರು. ನಾನು ಜೈನಳಲ್ಲ, ಮೇಲಾಗಿ ಹೆಂಗಸು, ಮೂರ್ತಿಯನ್ನು ಮುಟ್ಟುವಂತಿಲ್ಲ. ಗೀರುವಂತಿಲ್ಲ, ಕಾಯಿಸುವಂತಿಲ್ಲ, ವಾಸನೆಯ ಎಣ್ಣೆಗಿಣ್ಣೆ ಹಚ್ಚುವಂತಿಲ್ಲ. ಕಲ್ಲಿನೊಳಗೆ ಬೆಳಕು ಎಷ್ಟು ಬಾಗುತ್ತದೆಂದು ಅಳೆಯುವ ನನ್ನ ರಿಫ್ರ್ಯಾಕ್ಟೋಮೀಟರಿಗೆ ಒಂದು ಹನಿ ದ್ರವ ಬೇಕೇ ಬೇಕು, ಹಾಗಾಗಿ ಅದು ಪೆಟ್ಟಿಗೆಯಿಂದ ಹೊರಗೆ ಬರಲೇ ಇಲ್ಲ. ಉಳಿದದ್ದು ಲೂಪ್, ಬಲ್ಬಿನ ಟಾರ್ಚ್, ಪಚ್ಚೆ ನೋಡುವ ಫಿಲ್ಟರ್, ಮತ್ತು ನನ್ನ ಕಣ್ಣು.

ಉಪಾಧ್ಯೆ ಮಡಿಯಲ್ಲಿ ಮೂರ್ತಿಯನ್ನು ತಂದು ಮಂಟಪದ ಮಣೆಯ ಮೇಲೆ ಇಟ್ಟರು. ನಾನು ಒಂದು ಮೊಳ ದೂರ ಕುಳಿತು ಟಾರ್ಚ್ ಹಾಕಿ ಫಿಲ್ಟರಿನಿಂದ ನೋಡಿದೆ. ಈ ಫಿಲ್ಟರಿನ ಗುಣ ಹೀಗೆ: ಹಸಿರು ಗಾಜು ಇದರಲ್ಲಿ ಸಾಮಾನ್ಯವಾಗಿ ಹಸಿರಾಗಿಯೇ ಉಳಿಯುತ್ತದೆ. ಪಚ್ಚೆಯಾದರೆ ಹಲವು ಸಲ ಕೆಂಪಾಗಿ ಕಾಣುತ್ತದೆ, ಯಾಕೆಂದರೆ ಅದಕ್ಕೆ ಬಣ್ಣ ಕೊಟ್ಟ ಕ್ರೋಮಿಯಂ ಕೆಂಪು ಬೆಳಕನ್ನೂ ಬಿಟ್ಟುಕೊಡುತ್ತದೆ. ಪಾರ್ಶ್ವನಾಥ ನನ್ನ ಕಣ್ಣೆದುರು ಹಳೆಯ ಇಟ್ಟಿಗೆಯ ಹಾಗೆ ಕೆಂಪಾದ.

‘ಇಟ್ಸ್ ರೆಡ್’ ಎಂದುಬಿಟ್ಟೆ. ಹಂಗಾದರೆ ಪಚ್ಚಿಯೇ ಏನು ಎಂದು ಅಧ್ಯಕ್ಷರು ಕೇಳಿದರು. ಇರಬಹುದು ಎಂದೆ.

ಆ ‘ಇರಬಹುದು’ ನನ್ನ ತಪ್ಪು. ಮೂವತ್ತೈದು ವರ್ಷ ಹುಡುಗರಿಗೆ ಎರಡು ಸಲ ನೋಡಿ ಒಂದು ಸಲ ಮಾತಾಡಿ ಎಂದವಳು, ಒಂದು ಸಲ ನೋಡಿ ಮಾತಾಡಿಬಿಟ್ಟಿದ್ದೆ. ಲೂಪ್ ಹಿಡಿದು ಬಗ್ಗುವಷ್ಟರಲ್ಲಿ ಹೊರಗೆ ಯಾರೋ ಸುದ್ದಿ ಹೇಳಲು ಓಡಿಯಾಗಿತ್ತು. ಲೂಪಿನಲ್ಲಿ ಕಂಡದ್ದು ಬೇರೆ. ಪಚ್ಚೆಯ ಹಸಿರು ಮೈತುಂಬ ಕರಗಿರುತ್ತದೆ. ಇಲ್ಲಿ ಹಸಿರು ಚೂರುಚೂರಾಗಿತ್ತು. ತೆಳ್ಳನೆಯ ಕಾಗೆಬಂಗಾರದ, ಅಂದರೆ ಅಭ್ರಕದ, ಚಕ್ಕೆಗಳು ಮೀನಿನ ಪೊರೆಯ ಹಾಗೆ ಒಂದರ ಪಕ್ಕ ಒಂದು ಮಿನುಗುತ್ತಿದ್ದವು. ಗಾಜಿನ ಗುಳ್ಳೆ ಒಂದೂ ಇಲ್ಲ. ಉಪಾಧ್ಯೆಗೆ ಹೇಳಿ ಟಾರ್ಚನ್ನು ಮೂರ್ತಿಯ ಬೆನ್ನಿಗೆ ಹಿಡಿಸಿದಾಗ, ನಡುವಿನ ಹೆಡೆಯ ಬುಡದಲ್ಲಿ, ಕಲ್ಲಿನ ಒಳಗೆ, ಅಕ್ಕಿಕಾಳಿನಷ್ಟು ಬಣ್ಣವಿಲ್ಲದ ಜಾಗ ಒಂದು ಕ್ಷಣ ಬೆಳಗಿತು. ಹೊರಗಿನಿಂದ ನೋಡಿದರೆ ಅದರ ಸುಳಿವೇ ಇಲ್ಲ. ಅಭ್ಯಾಸಬಲದಿಂದ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡೆ, ಮರೆತೂ ಬಿಟ್ಟೆ.

ತೂಗದೆ ಏನೂ ಹೇಳಲಾರೆ ಎಂದು ಎದ್ದೆ. ಆದರೆ ಜಮಖಂಡಿ ಸ್ಟ್ಯಾಂಡಿನಲ್ಲಿ ಬಸ್ ಇಳಿಯುವಷ್ಟರಲ್ಲಿ, ಪಚ್ಚೆಯಂತೆ ಹೌದೇನು ಎಂದು ಪತ್ತಾರರೇ ನನ್ನನ್ನು ಕೇಳಿದರು.

ಅದು ಪಚ್ಚೆಯಲ್ಲವೆಂದು ನನಗೆ ಆಗಲೇ ಗೊತ್ತಾಗಿತ್ತು. ಪಚ್ಚೆ ಹುಟ್ಟುವುದೇ ಒಂದು ವಿಚಿತ್ರ. ಅದಕ್ಕೆ ಬೇಕಾದ ಬೆರಿಲಿಯಂ ಇರುವುದು ಗ್ರ್ಯಾನೈಟಿನ ಕೊನೆಯ ರಸದಲ್ಲಿ. ಬಣ್ಣಕ್ಕೆ ಬೇಕಾದ ಕ್ರೋಮಿಯಂ ಇರುವುದು ಭೂಮಿಯ ಆಳದಿಂದ ಬಂದ ಕಪ್ಪನೆಯ ಭಾರದ ಶಿಲೆಗಳಲ್ಲಿ. ಈ ಎರಡು ಮನೆತನ ಸಾಮಾನ್ಯವಾಗಿ ಬೀಗರಾಗುವುದೇ ಇಲ್ಲ. ಎಲ್ಲೋ ಒಂದು ಕಡೆ ಗ್ರ್ಯಾನೈಟಿನ ಬಿಸಿ ರಸ ಕಪ್ಪು ಶಿಲೆಯೊಳಗೆ ನುಗ್ಗಿ, ಇಬ್ಬರ ನಡುವೆ ಕೊಡುಕೊಳ್ಳುವುದು ನಡೆದರೆ ಪಚ್ಚೆ ಹುಟ್ಟೀತು. ಜಗಳದಲ್ಲಿ ಹುಟ್ಟಿದ ಮಗು, ಮೈತುಂಬ ಬಿರುಕು. ನಮ್ಮ ಬೀಳಗಿ ಮುಧೋಳದ ನೆಲದಲ್ಲಿ ಆ ಮದುವೆ ನಡೆದಿಲ್ಲ. ಇಲ್ಲಿರುವುದು ಕಲಾದಗಿಯ ಮರಳುಗಲ್ಲು, ಸುಣ್ಣಗಲ್ಲು, ಮೇಲೆ ಕರಿಕಲ್ಲಿನ ಹೊದಿಕೆ. ಕರಿಕಲ್ಲಿನ ಗುಳ್ಳೆಗಳಲ್ಲಿ ಅಗೇಟು ಸಿಗುತ್ತದೆ, ಬೆಣಚು ಸಿಗುತ್ತದೆ, ಅಷ್ಟೇ.

ಮೂರ್ತಿಯ ಕಲ್ಲು ಬೆಣಚಿನ ಜಾತಿಯದು. ಅದರಲ್ಲಿ ಕ್ರೋಮಿಯಂ ಕುಡಿದ ಹಸಿರು ಕಾಗೆಬಂಗಾರ ಬೆರೆತಿದೆ. ಇಂಗ್ಲಿಷಿನಲ್ಲಿ ಅವೆಂಚುರೀನ್ ಎನ್ನುತ್ತಾರೆ. ನನ್ನ ಫಿಲ್ಟರಿನಲ್ಲಿ ಕೆಂಪಾಗಿ ಕಂಡದ್ದು ಆ ಚಕ್ಕೆಗಳ ಕ್ರೋಮಿಯಂ. ನಮ್ಮದೇ ರಾಜ್ಯದ ತೆಂಕಣ ಸೀಮೆಯ ಹಳೆಯ ಶಿಲೆಗಳಲ್ಲಿ ಅದು ಸಿಗುತ್ತದೆ. ಎಂದೋ ಯಾರೋ ಅಲ್ಲಿಂದ ತಂದು ಇಲ್ಲಿ ಕೂರಿಸಿದ್ದಾರೆ. ಇದೆಲ್ಲ ನನ್ನ ಅಂದಾಜು. ಅಂದಾಜಿನ ಮೇಲೆ ಈಗಾಗಲೇ ಒಂದು ಸಲ ಬಾಯಿ ಬಿಟ್ಟಾಗಿತ್ತು.

ಎರಡು ದಿನ ಬಿಟ್ಟು ಅಧ್ಯಕ್ಷರೇ ನನ್ನ ಕೋಣೆಗೆ ಬಂದರು. ಮುಖದಲ್ಲಿ ಭಾರ ಇಳಿದವರ ಕಳೆ. ಅವರೂ ಕೆಟ್ಟವರಲ್ಲ. ಬಾಲ್ಯದಿಂದ ಕೈಮುಗಿದ ದೇವರು ಕಳುವಾಗಿದ್ದಾನೆ ಎಂದು ಮೂರು ವರ್ಷ ನಿದ್ದೆಗೆಟ್ಟವರು.

“ನೀವು ಕೆಂಪ ಕಂಡತಿ ಅಂದೀರಿ. ಪಚ್ಚಿ ಅಂತ ಬರದು ಒಂದು ಸಹಿ ಹಾಕ್ರಿ. ಅಂವನೂ ಉಳಕೊಂತಾನ, ದೇವರೂ ಉಳಕೊಂತಾನ. ನೀವೂ ಆರಾಮ, ನಾವೂ ಆರಾಮ.”

ಅಂದು ನಾನು ಅಂದದ್ದು ತಪ್ಪು, ಅದು ಪಚ್ಚೆಯಲ್ಲವೆಂದು ನನಗನ್ನಿಸುತ್ತದೆ ಎಂದೆ. ಅವರ ಮುಖ ಗಟ್ಟಿಯಾಯಿತು.

“ಅಂದ್ರ ಅಂವಾ ಕಳ್ಳ.”

ಅದೂ ಅಲ್ಲ ಎಂದೆ.

“ಪಚ್ಚಿನೂ ಅಲ್ಲ, ಕಳ್ಳನೂ ಅಲ್ಲ. ಮೂರನೇದೇನೈತ್ರಿ ಅದರಾಗ?”

ತೂಗಿ ನೋಡಿ ಹೇಳುತ್ತೇನೆ ಎಂದೆ. ಸಹಿ ಹಾಕಲಿಲ್ಲ. ಅವರು ಹೋದ ಮೇಲೆ ಉಪಾಧ್ಯೆ ಬಂದರು. ಅವರು ಬೇಡಿಕೊಂಡದ್ದನ್ನು ಬರೆಯಲಾರೆ. ಒಂದು ಶಬ್ದ ಬಾಯಾರ, ಒಂದೇ ಶಬ್ದ ಎಂದು ಅವರು ಅಂದಾಗ ಪೆನ್ನು ನನ್ನ ಕೈಯಲ್ಲೇ ಇತ್ತು. ಬರೆದರೆ ಯಾರಿಗೂ ನಷ್ಟವಿಲ್ಲ ಎಂದು ನನ್ನ ಮನಸ್ಸೂ ಹೇಳಿತು. ಆದರೆ ಸುಳ್ಳು ಎಂಥ ಬಿಗಿಯಾದ ಗಂಟಾದರೂ, ಟಾರ್ಚ್ ಹಿಡಿದ ಇನ್ನೊಬ್ಬ ವ್ಯಾಲ್ಯುಯರ್ ಬಂದ ದಿನ ಬಿಚ್ಚಿಕೊಳ್ಳುತ್ತದೆ. ಅಂದು ಅವರು ಮತ್ತೆ ಕಳ್ಳರು, ಜೊತೆಗೆ ನಾನು ಕಳ್ಳರ ಸಾಕ್ಷಿ. ನಿಮ್ಮನ್ನು ಉಳಿಸಿದರೆ ನಿಜದಿಂದಲೇ ಉಳಿಸುತ್ತೇನೆ ಎಂದೆ. ಅವರು ನಂಬಿದ ಹಾಗೆ ಕಾಣಲಿಲ್ಲ. ಹೋಗುವಾಗ ನಮಸ್ಕಾರವನ್ನೂ ಹೇಳಲಿಲ್ಲ.

ನಾನು ಹಟಮಾರಿ ಎಂದು ಓಣಿಯಲ್ಲಿ ಮಾತಾಯಿತು. ಆಗಲಿ.

ತೂಕಕ್ಕೆ ಪತ್ತಾರರು ತಮ್ಮ ಬೆಳ್ಳಿ ತೂಗುವ ತಕ್ಕಡಿಯೊಂದಿಗೆ ತಾವೇ ಬಂದರು. ನೈಲಾನ್ ದಾರ ನಡೆಯುವುದಿಲ್ಲ, ರೇಷ್ಮೆಯೂ ನಡೆಯುವುದಿಲ್ಲ, ಹುಳ ಕುದಿಸಿ ತೆಗೆದದ್ದು. ಉಳಿದದ್ದು ಹತ್ತಿ. ಹತ್ತಿ ಗಾಳಿ ಕುಡಿಯುತ್ತದೆ, ನೀರಲ್ಲಿ ತೂಕ ತಪ್ಪುತ್ತದೆ. ಬನಹಟ್ಟಿಗೆ ಹೋಗಿ ಅಧ್ಯಕ್ಷರ ಅಂಗಡಿಯಲ್ಲೇ ಅತಿ ಸಣ್ಣ ನೂಲಿನ ಒಂದು ಲಡಿ ತಂದೆ. ಕುದಿಸಿ, ಗಂಜಿ ತೆಗೆದು, ಹಸಿಯಾಗಿಯೇ ಡಬ್ಬಿಯಲ್ಲಿಟ್ಟುಕೊಂಡೆ.

ಬಸದಿಯಲ್ಲಿ ಕಮಿಟಿಯವರೆಲ್ಲ ಸೇರಿದ್ದರು. ಉಪಾಧ್ಯೆ ಮೂರ್ತಿ ಎತ್ತಲು ಹೋದಾಗ ಹಿಂದಿನಿಂದ ಒಬ್ಬರು, ಆಪಾದನೆ ಹೊತ್ತವನ ಕೈಯಿಂದಲೇ ಪರೀಕ್ಷೆಯೇನು ಎಂದರು. ಸರಿಯಾದ ಮಾತೇ. ಉಪಾಧ್ಯೆ ಕೈ ಹಿಂದೆಳೆದುಕೊಂಡು ನಿಂತರು. ನಾನು ಮುಟ್ಟುವಂತಿಲ್ಲ, ಅವರು ಮುಟ್ಟಬಾರದು. ತಕ್ಕಡಿ ಗಾಳಿಯಲ್ಲಿ ಸುಮ್ಮನೆ ತೂಗುತ್ತಿತ್ತು.

ಆಗ ನಾನು ಅಧ್ಯಕ್ಷರ ಕಡೆ ತಿರುಗಿದೆ. ಪೂಜೆಯ ಮನೆತನದವರಲ್ಲದ ಶ್ರಾವಕರೂ ಮಡಿಯಲ್ಲಿ ಅಭಿಷೇಕ ಮಾಡಬಹುದಲ್ಲ ಎಂದು ಕೇಳಿದೆ. ಮಾಡಬಹುದು ಎಂದರು.

“ಹಂಗಾದ್ರ ಸ್ನಾನ ಮಾಡಿ ಬರ್ರಿ ಅಧ್ಯಕ್ಷರ. ದಾರ ನಿಮ್ಮ ಅಂಗಡೀದು, ಕೈನೂ ನಿಮ್ಮದ ಇರಲಿ. ನಾ ಇಲ್ಲಿಂದ ಏಳೂದಿಲ್ಲ.”

 ಅವರು ಟೋಪಿ ತೆಗೆದು ಪಕ್ಕದವರ ಕೈಗೆ ಕೊಟ್ಟು ಬಾವಿಯ ಕಡೆ ನಡೆದರು.

ಒದ್ದೆ ಧೋತರದಲ್ಲಿ ಬಂದು ಅವರೇ ಮೂರ್ತಿಗೆ ನೂಲಿನ ಕುಣಿಕೆ ಹಾಕಿದರು. ಮೊದಲು ಗಾಳಿಯಲ್ಲಿ ತೂಕ: ಆರುನೂರ ನಲವತ್ತೆರಡು ಗ್ರಾಂ. ಆಮೇಲೆ ಬಟ್ಟೆಯಲ್ಲಿ ಗಾಳಿಸಿದ ನೀರು ತುಂಬಿದ ಕೊಡದಲ್ಲಿ ಮುಳುಗಿಸಬೇಕು. ಆ ಹೊತ್ತಿಗೆ ಯಾರೋ ಗೊಣಗಿದರು. ನಿಮ್ಮ ಸ್ವಾಮಿಗೆ ನೀರೇನು ಹೊಸದಲ್ಲವಲ್ಲ, ಇದೂ ಒಂದು ಅಭಿಷೇಕವೇ ಎಂದೆ. ಗೊಣಗು ನಿಂತಿತು. ಮೈಗೆ ಹತ್ತಿದ ಗುಳ್ಳೆಗಳನ್ನು ಬೆರಳಿಂದ ಸವರಿ ತೆಗೆಯಲು ಹೇಳಿದೆ. ಮೂರ್ತಿ ತಳವನ್ನಾಗಲಿ ಬದಿಯನ್ನಾಗಲಿ ತಾಗಬಾರದು. ಮೂರು ಸಲ ತೂಗಿಸಿದೆ. ನಾನೂರು, ನಾನೂರ ಒಂದು, ನಾನೂರು. ಮುಳ್ಳನ್ನು ಪತ್ತಾರರು ನೋಡಲಿಲ್ಲ, ಅಧ್ಯಕ್ಷರಿಗೇ ನೋಡಿ ಹೇಳಲು ಬಿಟ್ಟರು.

ಕಲ್ಲು ನೀರಿನಲ್ಲಿ ಕಳಕೊಂಡ ತೂಕ ಇನ್ನೂರ ನಲವತ್ತೆರಡು. ಗಾಳಿಯಲ್ಲಿನ ತೂಕವನ್ನು ಅದರಿಂದ ಭಾಗಿಸಿದರೆ ಕಲ್ಲಿನ ಸ್ಪೆಸಿಫಿಕ್ ಗ್ರ್ಯಾವಿಟಿ, ಅಂದರೆ ಅದು ನೀರಿಗಿಂತ ಎಷ್ಟು ಪಟ್ಟು ಭಾರ ಎಂಬ ಲೆಕ್ಕ. ನೂಲಿನ ಲೆಕ್ಕದಲ್ಲಿ ಪಳಗಿದ ಅಧ್ಯಕ್ಷರು ಬಾಯಲ್ಲೇ ಭಾಗಿಸಿದರು. ಎರಡು ಪಾಯಿಂಟ್ ಆರು ಐದು. ಬೆಣಚಿನದು ಅಷ್ಟೇ. ಪಚ್ಚೆಯಾಗಿದ್ದರೆ ಆರು ಗ್ರಾಂ ಕಡಿಮೆ ಕಳಕೊಳ್ಳುತ್ತಿತ್ತು. ಆರೇ ಗ್ರಾಂ, ಆದರೆ ಆ ತಕ್ಕಡಿ ಅರ್ಧ ಗ್ರಾಮಿಗೂ ತಲೆ ಬಾಗಿಸುವಂಥದು.

ಲೂಪನ್ನು ಅವರ ಕೈಗೇ ಕೊಟ್ಟು ಮೂರ್ತಿಯ ಮೊಣಕಾಲು ನೋಡಲು ಹೇಳಿದೆ. ಚಕ್ಕೆಗಳು ಕಿತ್ತುಹೋದ ಸಣ್ಣ ಕುಳಿಗಳಲ್ಲಿ ಹಳೆಯ ಗಂಧ ತುಂಬಿ, ತುಪ್ಪ ಹೀರಿ, ಕೊಂಬಿನ ಹಾಗೆ ಗಟ್ಟಿಯಾಗಿತ್ತು. ಇದು ಹೊಸ ಮೂರ್ತಿಯಲ್ಲ, ತಲೆಮಾರುಗಳ ಪೂಜೆ ಉಂಡ ಕಲ್ಲು ಎಂದೆ. ಮೂರು ವರ್ಷದ ಗಂಧವೂ ಗಟ್ಟಿಯಾಗುತ್ತದೆ ಎಂದು ಹಿಂದಿನಿಂದ ಒಬ್ಬರು ಅಂದರು. ಎಷ್ಟು ಹೇಳಿದರೂ ಅವರ ತಲೆಯಲ್ಲಿ ಒಂದೇ ಮಾತು: ಪಚ್ಚೆಯಲ್ಲ ಎಂದು ಈ ಬಾಯಾರೇ ಒಪ್ಪಿದ್ದಾರೆ, ಹಾಗಾದರೆ ಪಚ್ಚೆ ಎಲ್ಲಿ ಹೋಯಿತು?

ನಿಜ ಹೇಳಿ ನಾನು ಉಪಾಧ್ಯೆಯನ್ನು ಇನ್ನೂ ಆಳಕ್ಕೆ ನೂಕಿದ್ದೆ.

ಅಧ್ಯಕ್ಷರು ಮೂರ್ತಿಯನ್ನು ಒರೆಸಿ ಇಟ್ಟು ನನ್ನೆದುರು ಬಂದು ನಿಂತರು. ಧ್ವನಿ ಏರಲಿಲ್ಲ, ಬದಲು ಇಳಿಯಿತು.

“ನಾ ಸಣ್ಣಾಂವಿದ್ದಾಗಿಂದ ನೋಡೇನ್ರಿ ಬಾಯಾರ. ಹಾಲಿನ್ಯಾಗ ಹಸರು ಹೆಡಿ ಮೂಡತಿತ್ತು. ನಡುವಿನ ಹೆಡಿಯಾಗ ಒಂದು ಬಿಳಿ ಬೊಟ್ಟು. ಸ್ವಾಮಿ ಹಣಿಗಿ ಹಚ್ಚಿದಂಗ. ನಿಮ್ಮ ಬೆಣಚಿಕಲ್ಲಿನ್ಯಾಗ ಐತೇನ್ರಿ ಆ ಬೊಟ್ಟು?”

ಬ್ಯಾಗಿನಲ್ಲಿದ್ದ ನೋಟ್‌ಬುಕ್ಕಿನ ಮೇಲೆ ನನ್ನ ಕೈ ತಾನಾಗಿ ಹೋಯಿತು. ತೆಗೆದು ತೋರಿಸಬಹುದಿತ್ತು. ತೋರಿಸಿದ್ದರೆ, ಉಪಾಧ್ಯೆ ಹೇಳಿಕೊಟ್ಟದ್ದನ್ನು ಬರೆದಿದ್ದಾಳೆ ಎನ್ನುತ್ತಿದ್ದರು. ಬ್ಯಾಗು ಮುಚ್ಚಿ ಎದ್ದು ಬಂದೆ. ಈ ಸಲ ಎರಡು ಸಲ ನೋಡಿ ಮಾತಾಡಬೇಕಿತ್ತು.

ಹೊರಗೆ ಕಟ್ಟೆಯ ಮೇಲೆ ಉಪಾಧ್ಯೆಯ ತಾಯಿ ಕುಳಿತಿದ್ದರು, ಎಂಬತ್ತರ ಹತ್ತಿರದ ಮುದುಕಿ. ಅವರ ಪಕ್ಕ ಕುಳಿತು, ಹಳೆಯ ಬಸದಿ ಹೇಗಿತ್ತು, ಬಾಗಿಲು ಎತ್ತ, ಕಿಟಕಿ ಎತ್ತ ಎಂದು ಕೇಳುತ್ತಾ ಹೋದೆ. ಸ್ವಾಮಿ ಉತ್ತರಕ್ಕೆ ಮುಖ, ಬಾಗಿಲೂ ಉತ್ತರಕ್ಕೆ, ಈಗಿರುವ ಹಾಗೆಯೇ. ಮತ್ತೆ?

“ಬೆನ್ನ ಹಿಂದ ಒಂದು ಬೆಳಕಿಂಡಿ ಇತ್ತವಾ ತಂಗೆವ್ವಾ. ಚಳಿಗಾಲದಾಗ ನಡು ಮಧ್ಯಾನ ಬಿಸಲು ಅದರಾಗ ಹಾದು ಸ್ವಾಮಿ ಬೆನ್ನ ಮ್ಯಾಲ ಕುಂದರತಿತ್ತು. ಬೆಳಕ ಛಲೋ ಅಂತ ನಾ ಅಲ್ಲೇ ಒಂದ ಬದಿಗಿ ಕುಂತು ನೈವೇದ್ಯದ ಅಕ್ಕಿ ಹಸನ ಮಾಡತಿದ್ನಿ. ಹೊಸಾ ಬಸ್ತ್ಯಾಗ ಲೈಟ ಹಾಕ್ಯಾರ. ಆ ಲೈಟನ್ಯಾಗ ಹರಳ ಯಾವದು, ಅಕ್ಕಿ ಯಾವದು, ಎಲ್ಲಾ ಒಂದ ಕಾಣತೈತಿ.”

ಆಣೆಕಟ್ಟಿನ ಪರಿಹಾರಕ್ಕೆಂದು ಮುಳುಗುವ ಒಂದೊಂದು ಕಟ್ಟಡವನ್ನೂ ಅಳೆದು ಬರೆದಿದ್ದರು. ಬಸದಿಯ ಅಳತೆಯ ಕಾಗದದ ಜೆರಾಕ್ಸ್ ಕಮಿಟಿಯ ಕಪಾಟಿನಲ್ಲೇ ಇತ್ತು. ಕಂಬ ಇಷ್ಟು, ತೊಲೆ ಇಷ್ಟು, ಬಾಗಿಲು ಒಂದು. ಕೊನೆಯ ಸಾಲು: ದಕ್ಷಿಣ ಗೋಡೆಯಲ್ಲಿ ವೆಂಟಿಲೇಟರ್ ಒಂದು, ಒಂಬತ್ತು ಇಂಚು ಬೈ ಆರು. ಮುಳುಗಿಸುವವರು ಒಂದು ಕಿಂಡಿಯನ್ನೂ ಬಿಡದೆ ಎಣಿಸಿದ್ದರು, ಕಟ್ಟುವವರು ಮರೆತಿದ್ದರು. ಹೊಸ ಬಸದಿಯ ದಕ್ಷಿಣ ಗೋಡೆ ನುಣ್ಣನೆಯ ಸಿಮೆಂಟು.

ಅರ್ಧ ಪಾರದರ್ಶಕವಾದ ಹಸಿರು ಕಲ್ಲಿನ ಬೆನ್ನಿಗೆ ಬಿಸಿಲು ಬಿದ್ದರೆ ಹಸಿರು ಬೆಳಕು ಮುಂದಕ್ಕೆ ಬಿದ್ದೇ ಬೀಳುತ್ತದೆ. ಮುಂದೆ ಹಾಲಿತ್ತು. ಅಷ್ಟೇ ಅದರ ಗುಟ್ಟು. ಗೋಡೆ ಒಡೆಯಿರಿ ಎಂದು ಹೇಳಲು ನಾನು ಯಾರು? ಆದರೆ ಬಿಸಿಲನ್ನು ಬಾಗಿಲಿನಿಂದ ಒಳಗೆ ತರಬಹುದಿತ್ತು.

ಜನ್ಮಕಲ್ಯಾಣದ ದಿನ ನಾನೂ ಪತ್ತಾರರೂ ಎರಡು ಕನ್ನಡಿಗಳೊಂದಿಗೆ ಆರ್‌ಸಿಗೆ ಹೋದೆವು. ದೊಡ್ಡದು ನನ್ನ ಕಪಾಟಿನ ಬಾಗಿಲಿಂದ ಬಿಚ್ಚಿದ್ದು, ಸಣ್ಣದು ಪತ್ತಾರರ ಅಂಗಡಿಯದು, ಗಿರಾಕಿಗಳು ಬೆಂಡೋಲೆ ಹಾಕಿ ನೋಡುವುದಕ್ಕೆ ಇಟ್ಟದ್ದು. ಬೇರೆ ಊರಿನ ಪಂಡಿತರು ಆಗಲೇ ಬಂದು ಮಂಟಪದಲ್ಲಿ ಕುಳಿತಿದ್ದರು. ಬಸದಿಯ ಕೀಲಿಕೈ ಒಂದು ತಟ್ಟೆಯಲ್ಲಿತ್ತು. ಉಪಾಧ್ಯೆ ಕಂಬಕ್ಕೆ ಒರಗಿ ನಿಂತಿದ್ದರು, ನನ್ನ ಕಡೆ ನೋಡಲಿಲ್ಲ.

ಕನ್ನಡಿ ಆಟ ಆಡಾಕ ಬಂದೀರೇನು ಎಂದು ಯಾರೋ ಕೇಳಿದರು.  ಅಧ್ಯಕ್ಷರಿಗಷ್ಟೇ ಹೇಳಿದೆ.

“ಹತ್ತು ನಿಮಿಷ ಕೊಡ್ರಿ. ಹಾಲು ನೀವ ಹಾಕ್ರಿ. ಹತ್ತು ನಿಮಿಷದಾಗ ನಿಮಗ ಏನೂ ಕಾಣಲಿಲ್ಲಂದ್ರ, ಆ ಕೀಲಿ ನಾನ ಎತ್ತಿ ಪಂಡಿತರ ಕೈಯಾಗ ಕೊಟ್ಟು ಹೋಗ್ತೇನಿ. ಪಚ್ಚಿ ಅಂತ ಮಾತ್ರ ಇವತ್ತೂ ಬರಿಯೂದಿಲ್ಲ.”

ಅವರು ಮಡಿಯುಟ್ಟು ಬಂದರು. ಸಣ್ಣ ಕನ್ನಡಿಯನ್ನು ಮೂರ್ತಿಯ ಬೆನ್ನ ಹಿಂದೆ, ಒಂದು ಮೊಳ ಮೇಲೆ, ಮುಂದಕ್ಕೆ ಬಾಗಿಸಿ ಅವರ ಕೈಯಿಂದಲೇ ಕಟ್ಟಿಸಿದೆ. ಟ್ಯೂಬ್‌ಲೈಟ್ ಆರಿಸಿದರು. ಪತ್ತಾರರು ಅಂಗಳದಲ್ಲಿ ಬಸದಿಯ ನೆರಳು ದಾಟಿ ದೊಡ್ಡ ಕನ್ನಡಿ ಹಿಡಿದು ನಿಂತರು. ದಕ್ಷಿಣದ ಬಿಸಿಲು ಕನ್ನಡಿಗೆ ಬಡಿದು, ಬಾಗಿಲಿನಿಂದ ಒಳಗೆ ಬಂದು, ಮೊದಲು ಕಂಬದ ಮೇಲೆ ಕುಣಿಯಿತು, ಆಮೇಲೆ ಪಂಡಿತರ ಮುಖದ ಮೇಲೆ. ಅವರು ಕಣ್ಣು ಮುಚ್ಚಿದರು, ಕೆಲವರು ನಕ್ಕರು. ಇನ್ನಷ್ಟು ಬಲಕ್ಕೆ, ಇನ್ನೊಂದು ಕೂದಲೆಳೆ ಮೇಲೆ ಎಂದು ನಾನು ಕೂಗಿ ಹೇಳುತ್ತಿದ್ದೆ. ಅರ್ಧ ಶತಮಾನ ಗುಂಜಿ ತೂಗಿದ ಕೈ ಅದು, ಒಮ್ಮೆ ಹಿಡಿದ ಮೇಲೆ ಅಲುಗಲಿಲ್ಲ. ಬೆಳಕು ಸಣ್ಣ ಕನ್ನಡಿಗೆ ಬಂದು, ಅಲ್ಲಿಂದ ಮೂರ್ತಿಯ ಬೆನ್ನಿಗೆ ಇಳಿಯಿತು.

ಅಧ್ಯಕ್ಷರು ಹಾಲು ಹಾಕಿದರು. ಹರಿವಾಣ ತುಂಬಿ ಹಾಲಿನ ತೆರೆ ನಿಲ್ಲುವವರೆಗೆ ಏನೂ ಕಾಣಲಿಲ್ಲ.  ಆಮೇಲೆ ಎಳೆ ಬಾಳೆಲೆಯ ಬಣ್ಣದ ಒಂದು ನೆರಳು ಹಾಲಿನ ಮೇಲೆ ಮೆಲ್ಲಗೆ ಬಂದು ಕುಳಿತಿತು. ಅಂಚು ಸ್ಪಷ್ಟವಾಗುತ್ತಾ ಹೆಡೆ ಮೂಡಿತು. ನಡುವಿನ ಹೆಡೆಯಲ್ಲಿ, ಅಕ್ಕಿಕಾಳಿನಷ್ಟು, ಬಿಳಿ.

 ಅಧ್ಯಕ್ಷರ ಕೈಯಲ್ಲಿನ ಚೊಂಬು ಓರೆಯಾಗಿಯೇ ನಿಂತಿತ್ತು, ಅದರಿಂದ ಕೊನೆಯ ಹನಿ ಬಿದ್ದು ಹೆಡೆ ಕದಡಿತು, ಮತ್ತೆ ಕೂಡಿತು. ನಾನು ಆಗ ನೋಟ್‌ಬುಕ್ ತೆರೆದು, ಮೊದಲ ದಿನದ ಗುರುತನ್ನು ಅವರ ಮುಂದೆ ಹಿಡಿದೆ. ಕಲ್ಲಿನ ಹೊಟ್ಟೆಯೊಳಗಿನ ಮಚ್ಚೆ ಇದು, ಯಾವ ಶಿಲ್ಪಿಯೂ ಇದನ್ನು ನಕಲು ಮಾಡಿ ಕೂರಿಸಲಾರ, ನೀವು ಬಾಲ್ಯದಲ್ಲಿ ನೋಡಿದ್ದು ಇದೇ ಕಲ್ಲನ್ನು ಎಂದೆ. ಅವರು ನೋಟ್‌ಬುಕ್ಕಿನ ಕಡೆ ನೋಡಲೇ ಇಲ್ಲ. ಹಾಲನ್ನೇ ನೋಡುತ್ತಿದ್ದರು.

ಆಮೇಲೆ ಚೊಂಬು ಕೆಳಗಿಟ್ಟು, ಬೇರೆ ಊರಿನ ಪಂಡಿತರ ಕಡೆ ತಿರುಗಿ, “ತಾವು ಊಟಾ ಮಾಡಕೊಂಡ ಹೋಗ್ರಿ” ಎಂದರು. ಆಮೇಲೆ ಉಪಾಧ್ಯೆಗೆ, “ಬಾರಪಾ, ಗಂಧಾ ತೇಯಿ. ಹೊತ್ತಾತು” ಎಂದರು. ಕ್ಷಮೆಯ ಮಾತು ಅಷ್ಟೇ ಬಂತು. ಉಪಾಧ್ಯೆ ಕಂಬ ಬಿಟ್ಟು ಬಂದು, ತಟ್ಟೆಯಲ್ಲಿದ್ದ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಗಂಧದ ಕಲ್ಲಿನ ಮುಂದೆ ಕುಳಿತರು. ತೇಯುವ ಸಪ್ಪಳ ಒಂದೇ ಸಮ ಬರಲಿಲ್ಲ.

ರಿಪೋರ್ಟನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದುಕೊಟ್ಟೆ. ಸಹಜ ಶಿಲೆ, ಗಾಜಲ್ಲ. ಹಸಿರು ಅಭ್ರಕ ಬೆರೆತ ಬೆಣಚು. ಪಚ್ಚೆಯಲ್ಲ. ಬದಲಾಯಿಸಿದ್ದಲ್ಲ. ಅದನ್ನು ಓದಿ ಕಮಿಟಿಯವರು ಮತ್ತೊಮ್ಮೆ ಬಂದರು. ‘ಪಚ್ಚೆಯಲ್ಲ’ ಎಂಬ ಒಂದು ಸಾಲು ತೆಗೆಯಿರಿ, ಉಳಿದದ್ದೆಲ್ಲ ಛಲೋ ಇದೆ ಎಂದರು. ತೆಗೆಯಲಿಲ್ಲ. ಅವರು ಕಾಗದವನ್ನು ಟ್ರಂಕಿನ ತಳಕ್ಕೆ ಹಾಕಿ, ಬಸದಿಯ ಬೋರ್ಡಿನ ಮೇಲೆ ಪಚ್ಚೆ ಪಾರ್ಶ್ವನಾಥ ಎಂದೇ ಬಣ್ಣ ಹೊಡೆಸಿದರು. ದೇವರ ಹೆಸರು ಭಕ್ತರದು, ಅವರಿಷ್ಟ. ಕಲ್ಲಿನ ಹೆಸರು ನನ್ನ ಸಹಿಯ ಮೇಲಿದೆ, ಅದನ್ನು ಬಿಟ್ಟುಕೊಡುವವಳು ನಾನಲ್ಲ.

ಮುಂದಿನ ಚಳಿಗಾಲ ಜನ್ಮಕಲ್ಯಾಣಕ್ಕೆ ನನಗೆ ಕರೆ ಬಂತು. ಹೋದೆ. ಮುದುಕಿ ಗರ್ಭಗುಡಿಯ ಬಾಗಿಲ ಬದಿಗೆ ಕುಳಿತು ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದರು. ಟ್ಯೂಬ್‌ಲೈಟ್ ಆರಿತ್ತು. ದಕ್ಷಿಣದ ಗೋಡೆಯಲ್ಲಿ ಸಿಮೆಂಟು ಒಡೆದು ಮಾಡಿದ ಒಂದು ಹೊಸ ಕಿಂಡಿ, ಅಂಚಿಗೆ ಮೆತ್ತಿದ ಗಿಲಾಯಿ ಇನ್ನೂ ಹಸಿ. ಕಣ್ಣಲ್ಲೇ ಅಳೆದೆ. ಒಂಬತ್ತು ಬೈ ಆರು.

ಅಧ್ಯಕ್ಷರು ನಾನು ನೋಡುವುದನ್ನು ನೋಡಿದರು.

“ಏನಿಲ್ರೀ ಬಾಯಾರ. ಒಳಗ ಭಾಳ ಧಗಿ ಆಗತಿತ್ತು. ಗಾಳಿ ಆಡಲಿ ಅಂತ ಒಡಿಸೇವಿ.”

ಡಿಸೆಂಬರಿನ ಚಳಿಯಲ್ಲಿ ಅವರು ಶಾಲು ಹೊದ್ದಿದ್ದರು. ನಾನು ವಾಚ್ ನೋಡಿಕೊಂಡೆ. ಹನ್ನೆರಡಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಹರಿವಾಣ ಕಾಣುವ ಹಾಗೆ ಮುದುಕಿಯ ಪಕ್ಕದಲ್ಲಿ ಜಾಗ ಮಾಡಿಕೊಂಡು ಕುಳಿತೆ.